ಹಲ್ಲಿನವನ ಗುಂಪಿನಲ್ಲಿ ನಾಲ್ಕನೆಯ ಜಾಗ

ಮಹಡಿಯ ಕೋಣೆ ಕೇಳಿಕೊಂಡು ಅವನು ಮೊದಲು ಬಂದ ದಿನ ನನ್ನ ಮುಖ ನೋಡಲಿಲ್ಲ, ಬಾಯಿ ನೋಡಿದ. ನೀರು ಬರುವ ಹೊತ್ತು, ಮೆಟ್ಟಿಲ ದೀಪ ಆರಿಸುವುದು, ಬಟ್ಟೆ ಒಣಹಾಕುವ ಜಾಗ ಎಲ್ಲವನ್ನೂ ನಾನು ಬಾಗಿಲಲ್ಲಿ ನಿಂತು ಒಂದೊಂದಾಗಿ ಹೇಳುತ್ತಿದ್ದೆ. ಅವನು ತಲೆ ಓರೆ ಮಾಡಿಕೊಂಡು ನನ್ನ ತುಟಿಯನ್ನೇ ನೋಡುತ್ತಿದ್ದ. ಪಾಪ, ಕಿವಿ ಕೇಳಿಸದೇನೋ, ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾನೇನೋ ಎಂದುಕೊಂಡು ನಾನು ಇನ್ನೂ ಗಟ್ಟಿಯಾಗಿ, ಬಾಯಿ ಅಗಲಿಸಿ ಹೇಳಿದೆ.

"ಅಜ್ಜಿ, ಆ ಕೆಳಗಿನ ಸೆಟ್ಟು ಎಡಗಡೆ ಏಳ್ತಾ ಇದೆ. ಯಾರು ಮಾಡಿದ್ದು?" ಎಂದ.

ಅವನ ಕೆಲಸ ಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಹಿಂದಕ್ಕೆ ಕಳಿಸುತ್ತಾನೆ. ಆ ಬಾಯಿಯವರನ್ನು ಒಮ್ಮೆಯೂ ಕಂಡಿರುವುದಿಲ್ಲ. ಅದಕ್ಕೇ ಏನೋ, ಎದುರಿಗೆ ಬಾಯಿ ತೆರೆದವರು ಸಿಕ್ಕರೆ ಬಿಡುವುದಿಲ್ಲ. ಸಾಮಾನು ತಂದ ದಿನವೇ ನನ್ನ ಸೆಟ್ಟು ಇಸಿದುಕೊಂಡು ಎರಡು ಕಡೆ ಸವರಿ ಕೊಟ್ಟ. ಒಂಬತ್ತು ವರ್ಷ ಬಲಗಡೆಯಲ್ಲೇ ಅಗಿಯುತ್ತಿದ್ದವಳು ಅಂದು ಎರಡೂ ಕಡೆ ಅಗಿದೆ. ಬೀದಿಗೆಲ್ಲ ಈ ಸುದ್ದಿ ನಾನೇ ಹೇಳಿದೆ. ಅಂದಿನಿಂದ ಅವನಿಗೆ ಹಲ್ಲಿನವನು ಎಂದೇ ಹೆಸರು.

ಜೊತೆಗೆ ಅವನ ತಮ್ಮನೂ ಬಂದಿದ್ದ. ಎಂಟು ವರ್ಷ ಚಿಕ್ಕವನು. ಅಪ್ಪ ಅಮ್ಮ ಇಬ್ಬರೂ ಹೋಗಿ, ತಮ್ಮನನ್ನು ಸಾಕಿ ಓದಿಸಿದವನು ಇವನೇ. ಆದರೆ ಅಣ್ಣತಮ್ಮಂದಿರು ಎದುರೆದುರು ಕೂತು ಮಾತಾಡಿದ್ದನ್ನು ನಾನು ನೋಡಲಿಲ್ಲ. ಬೀಗದ ಕೈ ಎಲ್ಲಿ, ಊಟ ಆಯಿತಾ, ಇಷ್ಟರಲ್ಲೇ ಮುಗಿಯುತ್ತಿತ್ತು. ಮೊದಮೊದಲು ಏನೋ ಮನಸ್ತಾಪ ಇರಬೇಕು ಎಂದುಕೊಂಡಿದ್ದೆ.

ಸಂಜೆ ಐದೂವರೆಗೆ ಮಾತ್ರ ಬೇರೆ ಲೋಕ. ಇಬ್ಬರೂ ಎರಡು ಕಂಪ್ಯೂಟರಿನ ಮುಂದೆ, ಬೆನ್ನಿಗೆ ಬೆನ್ನು ಹಾಕಿ ಕೂತು, ಕಿವಿಗೆ ಹೆಡ್‌ಫೋನು ಏರಿಸಿದರೆ ಮಾತೋ ಮಾತು. ಅದು ಗುಂಡು ಹಾರಿಸುವ ಆಟ, ನಾಲ್ಕು ಜನರ ಗುಂಪು. ಮಿಕ್ಕ ಇಬ್ಬರು ಅಣ್ಣನ ಜೊತೆ ಓದಿದವರು. ಒಬ್ಬ ಬೇಕರಿಯವನು, ಇನ್ನೊಬ್ಬ ಬಸ್ ಕಂಡಕ್ಟರ್. ಅವರು ಅವರವರ ಮನೆಯಿಂದಲೇ ಆಡುತ್ತಿದ್ದರು. ಬೇಕರಿಯವನು ಹಿಟ್ಟು ಕಲಸಲು ಬೇಗ ಏಳಬೇಕು, ಹಾಗಾಗಿ ಏಳು ಗಂಟೆಗೆ ಯುದ್ಧ ಬಂದ್. ಗೆಲ್ಲುತ್ತಿದ್ದರೂ ಬಂದ್.

ಆ ಒಂದೂವರೆ ಗಂಟೆಯಲ್ಲಿ ತಮ್ಮನು ತನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳುತ್ತಿದ್ದ. ಒಣಗಿದ ಬಟ್ಟೆ ತರಲು ಮೇಲೆ ಹೋದವಳಿಗೆ ಕೇಳಿಸುತ್ತಿತ್ತು. "ಅಣ್ಣ, ಆ ಕೆಲಸಕ್ಕೆ ಹೋಗಲಾ ಬೇಡ್ವಾ ಅಂತ ಯೋಚ್ನೆ, ಕಿಟಕಿ ಹತ್ರ ಒಬ್ಬ ಇದಾನೆ ನೋಡು, ಊರು ತುಂಬ ದೂರ ಆಗತ್ತೆ." ಅಣ್ಣ ಕಿಟಕಿಯವನನ್ನು ಹೊಡೆದು, "ಹೋಗು, ಒಳ್ಳೆ ಕಂಪನಿ, ನಾನಿದೀನಲ್ಲ" ಎನ್ನುತ್ತಿದ್ದ. ಕೈಗೆ ಕೆಲಸ ಇದ್ದರೆ ಮಾತ್ರ ಬಾಯಿ ಬಿಡುವವರು ಇದ್ದಾರೆ. ಇಪ್ಪತ್ತಾರು ವರ್ಷ ನಾನು ಗಿರಣಿಯಲ್ಲಿ ಬಟ್ಟೆ ನೋಡುವ ಕೆಲಸ ಮಾಡಿದವಳು. ಗಾಜಿನ ಮೇಜಿನ ಮೇಲೆ ಬಟ್ಟೆ ಸರಿಯುತ್ತಿರುತ್ತದೆ, ಎಳೆ ತಪ್ಪಿದ ಕಡೆ ಸೀಮೆಸುಣ್ಣದ ಗುರುತು ಹಾಕಬೇಕು. ಅಲ್ಲಿ ಪಕ್ಕದವಳ ಸಂಸಾರವೆಲ್ಲ ನನಗೆ ಗೊತ್ತಾದದ್ದು ಹೀಗೆಯೇ, ಒಬ್ಬರ ಮುಖ ಒಬ್ಬರು ನೋಡದೆ.

ತಮ್ಮ ಆ ಕೆಲಸಕ್ಕೆ ಹೋದ. ರೈಲಿನಲ್ಲಿ ಒಂದೂವರೆ ದಿನದ ದಾರಿ, ಮೀನು ಕೆಡದಂತೆ ಇಡುವ ದೊಡ್ಡ ಶೀತಲಗೃಹದ ಯಂತ್ರ ನೋಡಿಕೊಳ್ಳುವ ಕೆಲಸ. ಹಳೆಯ ಕಂಪ್ಯೂಟರ್ ಇಲ್ಲೇ ಬಿಟ್ಟು, ಅಲ್ಲಿ ಬೇರೆ ಕೊಂಡ. ಐದೂವರೆಯ ಆಟ ನಿಲ್ಲಲಿಲ್ಲ. ಮೇಲಿನ ಕೋಣೆಯಲ್ಲಿ ಈಗ ಒಂದೇ ಗಂಟಲು, ಆದರೆ ಮೊದಲಿನಷ್ಟೇ ಮಾತು.

ಅಷ್ಟರಲ್ಲಿ ಆ ಆಟದ ಕಂಪನಿಯವರು ಹೊಸ ಆಟ ಮಾಡುತ್ತಿದ್ದೇವೆ ಎಂದರು. ಹಲ್ಲಿನವನು ಒಂದು ವರ್ಷ ಅದರದೇ ಜಪ ಮಾಡಿದ. ಹನ್ನೆರಡು ಯುದ್ಧಭೂಮಿಯಂತೆ, ಗೋಡೆ ಹೊಡೆದರೆ ಇಟ್ಟಿಗೆ ಇಟ್ಟಿಗೆಯಾಗಿ ಉದುರುವುದಂತೆ. ಬೇಕರಿಯವನು ಬೇಡ ಎಂದರೂ ಕೇಳಲಿಲ್ಲ. ನನ್ನ ಮಾತು ನಂಬಿ ಎಂದು ಮೂವರಿಂದಲೂ ಮೊದಲ ದಿನವೇ ದುಡ್ಡು ಕೊಡಿಸಿ ಕೊಳ್ಳಿಸಿದ.

ಆಟ ಬಂದಾಗ ಹನ್ನೆರಡರ ಜಾಗದಲ್ಲಿ ಐದು ಭೂಮಿ ಇದ್ದವು. ಗೋಡೆ ಉದುರುವುದಿರಲಿ, ಸೈನಿಕರೇ ಗೋಡೆಯೊಳಗೆ ಸಿಕ್ಕಿಹಾಕಿಕೊಂಡು ಕಾಲು ಆಡಿಸುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದು, ಹೆಡ್‌ಫೋನಿನ ಮಾತು ನಡುನಡುವೆ ಕತ್ತರಿಸಿ ಹೋಗುತ್ತಿತ್ತು. ಬೇಕರಿಯವನು ತಮಾಷೆ ಮಾಡಿದ, ಕಂಡಕ್ಟರ್ ರೇಗಿಸಿದ. ತಮ್ಮ ಒಂದು ವಾರ ಸುಮ್ಮನಿದ್ದು ಒಂದು ಸಂಜೆ ಹೇಳಿದನಂತೆ: "ನೀನು ಚೆನ್ನಾಗಿದೆ ಅಂದಿದ್ದೆಲ್ಲ ಹೀಗೇ ಅಲ್ವಾ ಅಣ್ಣ. ಈ ಕೆಲಸಾನೂ ಚೆನ್ನಾಗಿದೆ ಅಂದಿದ್ದೆ." ಹಾಗೆಂದು ಆಟದಿಂದ ಎದ್ದು ಹೋದವನು ಮತ್ತೆ ಬರಲಿಲ್ಲ.

ಒಂದು ತಿಂಗಳಲ್ಲ, ನಾಲ್ಕು ತಿಂಗಳು. ಅಣ್ಣ ಫೋನ್ ಮಾಡಿದರೆ ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಹ್ಞೂಂ ಎಂದು ಒಂದು ಉತ್ತರ. ಹೋಗಿ ನೋಡಿಕೊಂಡು ಬಾ ಎಂದು ನಾನು ಹೇಳಿದೆ. "ಹೋಗಿ ಏನ್ಮಾಡ್ಲಿ ಅಜ್ಜಿ, ಕೈ ಖಾಲಿ ಇದ್ರೆ ನಮ್ಮಿಬ್ಬರಿಗೂ ಮಾತೇ ಹೊರಡಲ್ಲ" ಎಂದ. ಅವನ ಮುಖ ಆ ದಿನಗಳಲ್ಲಿ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತ್ತು. ಒಡಹುಟ್ಟಿದವನೊಬ್ಬನೇ ಇವನಿಗೆ ಇದ್ದದ್ದು, ಅವನನ್ನೂ ಒಂದು ಕೆಟ್ಟ ಆಟಕ್ಕೆ ಸೋತ ಹಾಗಾಗಿತ್ತು.

ಐದನೆಯ ತಿಂಗಳು ಹಿಡಿದಾಗ ಕಂಪನಿಯವರು ತಪ್ಪೊಪ್ಪಿಕೊಂಡರು. ಮಾತು ಕತ್ತರಿಸುವುದನ್ನು ಸರಿಮಾಡಿದ್ದೇವೆ, ಇನ್ನು ಮೂರು ಹೊಸ ಭೂಮಿ, ಎರಡು ಬಂದೂಕು, ಒಂದು ಜೊತೆ ಸಮವಸ್ತ್ರ ಪುಕ್ಕಟೆ ಕೊಡುತ್ತೇವೆ ಎಂದರು. ಆ ಭಾನುವಾರ ಮಧ್ಯಾಹ್ನ ಬೇಕರಿಯವನೂ ಕಂಡಕ್ಟರೂ ಮನೆಗೇ ಬಂದು ಈ ವಿಷಯಕ್ಕೆ ಪಂಚಾಯಿತಿ ಕೂತರು. ನಾನು ಟೀ ತೆಗೆದುಕೊಂಡು ಹೋದೆ.

"ಸುಟ್ಟ ಬನ್ನಿಗೆ ಇನ್ನೊಂದು ಬನ್ ಫ್ರೀ ಅಂದ್ರೆ, ಗಿರಾಕಿ ಎರಡನ್ನೂ ನನ್ನ ಮುಖಕ್ಕೇ ಎಸೀತಾನೆ" ಎಂದ ಬೇಕರಿಯವನು. "ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ."

ಕಂಡಕ್ಟರ್ ಅದಾಗಲೇ ಎರಡನೆಯ ಲೋಟಕ್ಕೆ ಕೈ ಹಾಕಿದ್ದ. "ನಿಂದು ಇರ್ಲಿ ಬಿಡಪ್ಪ. ಪುಕ್ಕಟೆ ಸಿಕ್ಕಿದ್ರೆ ನಂಗೂ ಒಂದಿರ್ಲಿ, ನಮ್ಮಪ್ಪಂಗೂ ಒಂದಿರ್ಲಿ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು."

"ಹಲ್ಲು ಎಣಿಸೋದೇ ನನ್ನ ಕಸುಬು ಕಣೋ" ಎಂದ ಹಲ್ಲಿನವನು. ಮೂವರೂ ನಕ್ಕರು. ನಕ್ಕ ಮೇಲೆ ಅವನು ಸಣ್ಣ ದನಿಯಲ್ಲಿ, ಕೊಟ್ಟದ್ದು ಸಂತೋಷ, ಆದರೆ ಮೊದಲೇ ಕೊಟ್ಟಿದ್ದರೆ ಯಾರೂ ಎದ್ದು ಹೋಗುತ್ತಿರಲಿಲ್ಲ ಎಂದ. ಮತ್ತೆ ಆಡಲು ಬರುತ್ತೀಯಾ ಎಂದು ತಮ್ಮನಿಗೆ ಬರೆದು ಕೇಳಿದ್ದನಂತೆ. ಬೇಡ ಎಂದು ಉತ್ತರ ಬಂದಿತ್ತು.

ತೊಡಕು ಏನೆಂದರೆ, ಆ ಹೊಸ ಭೂಮಿಗಳ ಬಾಗಿಲು ನಾಲ್ಕು ಜನ ಒಟ್ಟಿಗೆ ಹೋದರೆ ಮಾತ್ರ ತೆರೆಯುತ್ತದೆ. ಮೂವರೇ ಇದ್ದರೆ ಆಟವೇ ಯಾರೋ ಗುರುತಿಲ್ಲದವನನ್ನು ನಾಲ್ಕನೆಯವನಾಗಿ ತುಂಬುತ್ತದೆ. ಕಂಡಕ್ಟರ್ ಕೈ ಮುಗಿದುಬಿಟ್ಟ. "ಗುರುತಿಲ್ಲದವರ ಹತ್ರ ದಿನವಿಡೀ ಬೈಸ್ಕೋತೀನಿ. ಸಂಜೆನೂ ಬೇಡ." ಹಾಗೆಂದು ಅವನು ನನ್ನ ಕಡೆ ನೋಡಿದ. ಬೇಕರಿಯವನೂ ನೋಡಿದ. ನಾನು ಟ್ರೇ ಹಿಡಿದು ನಿಂತಿದ್ದೆ.

ಬಂದೂಕು ಮುಟ್ಟುವುದಿಲ್ಲ ಎಂಬ ಕರಾರಿನ ಮೇಲೆ ನಾಲ್ಕನೆಯವಳಾಗಲು ಒಪ್ಪಿದೆ. ನಾಲ್ಕು ತಿಂಗಳ ಮೇಲೆ ಹಲ್ಲಿನವನ ಮುಖದಲ್ಲಿ ನಗು ಕಂಡಿತ್ತು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮರುದಿನ ಐದೂವರೆಗೆ ತಮ್ಮನ ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಅದಕ್ಕೂ ಹೊಸ ಆಟ ಇಳಿಸಿ, ಅವನ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಮುಂದೆ ಹೋಗಲು ಒತ್ತುವ ಗುಂಡಿ, ತಿರುಗಲು ಆಡಿಸುವ ಮೌಸು ಎರಡನ್ನೂ ತೋರಿಸಿದ. ಹೊಸ ಭೂಮಿ ಒಂದು ಬಂದರು. ಹಡಗಿನ ದೊಡ್ಡ ದೊಡ್ಡ ಪೆಟ್ಟಿಗೆಗಳು, ನಡುವೆ ಓಣಿ. ಒಂದು ಪೆಟ್ಟಿಗೆಯ ಹಿಂದೆ ನನ್ನನ್ನು ನಿಲ್ಲಿಸಿ, "ಈ ಓಣಿ ನೋಡ್ತಾ ಇರಿ ಅಜ್ಜಿ. ಏನಾದ್ರೂ ಅಲುಗಾಡಿದ್ರೆ ಹೇಳಿ, ಅಷ್ಟೇ" ಎಂದ.

ಅದು ನನಗೆ ಬರುವ ಕೆಲಸ. ಅಲುಗಾಡದ ಓಣಿಯನ್ನು ಒಂದೂವರೆ ಗಂಟೆ ನೋಡುವುದು ಗಿರಣಿಯವಳಿಗೆ ಎಷ್ಟರದು? ಮೂರನೆಯ ಪೆಟ್ಟಿಗೆಯ ನೆರಳು ಇಷ್ಟು ದಪ್ಪ ಆಯಿತು ಎಂದೆ, ಅಲ್ಲಿ ಒಬ್ಬ ಅಡಗಿದ್ದ. ಹಗ್ಗ ಅಲ್ಲಾಡುತ್ತಿದೆ ಎಂದೆ, ಅಲ್ಲಿ ಇಬ್ಬರು. ಬೇಕರಿಯವನು ಹೆಡ್‌ಫೋನಿನಲ್ಲಿ, ಅಜ್ಜಿಯನ್ನು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸಬೇಕು ಎಂದ. ಮೂರು ಸಂಜೆ ಹೀಗೆ ಕಾವಲು ನಿಂತೆ.

ಮೂರನೆಯ ಸಂಜೆ ಆಟ ಶುರುವಾಗಿ ಹತ್ತು ನಿಮಿಷಕ್ಕೆ ಹಲ್ಲಿನವನ ಫೋನು ಬಡಿದುಕೊಂಡಿತು. ತಮ್ಮನ ಹೆಸರು. ಎತ್ತುವ ಆತುರಕ್ಕೆ ಫೋನು ಕೈ ಜಾರಿ ಬಿದ್ದೇ ಹೋಯಿತು. ಎತ್ತಿಕೊಂಡು, ಎಲ್ಲಿ ಒತ್ತಿದನೋ, ತಮ್ಮನ ದನಿ ಕೋಣೆಗೆಲ್ಲ ಕೇಳಿಸಿತು.

"ನನ್ನ ಹೆಸರಲ್ಲಿ ಯಾರು ಆಡ್ತಿರೋದು?"

ಆಗಲೇ ನಮಗೆ ಹೊಳೆದದ್ದು. ಹಳೆಯ ಕಂಪ್ಯೂಟರು ಎಂದಿನಂತೆ ತಮ್ಮನ ಹೆಸರಿನಲ್ಲೇ ತೆರೆದುಕೊಂಡಿತ್ತು. ಆ ಕುರ್ಚಿಯ ಎದುರಿನ ತೆರೆಯ ಮೇಲೆ ತಮ್ಮನ ಹೆಸರು ಕಾಣುವುದು ಅಣ್ಣನಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಮೂರು ದಿನ ಕಣ್ಣೆದುರು ಇದ್ದರೂ ಕಾಣಲಿಲ್ಲ. ಎಳೆ ತಪ್ಪಿದ್ದು ನನ್ನ ಕಣ್ಣಿಗಾದರೂ ಬೀಳಬೇಕಿತ್ತು, ಬೀಳಲಿಲ್ಲ.

"ಮೂರು ದಿನದಿಂದ ಒಂದು ಗುಂಡೂ ಹಾರಿಸಿಲ್ಲ ಅಂತ ಆಟದ ಲೆಕ್ಕದಲ್ಲಿ ಬರ್ತಿದೆ" ಎಂದು ತಮ್ಮ ಕೂಗಾಡುತ್ತಿದ್ದ. "ಗುರುತಿನವರೆಲ್ಲ ನಂಗೆ ಹುಷಾರಿಲ್ವಾ ಅಂತ ಕೇಳ್ತಿದಾರೆ. ಪೆಟ್ಟಿಗೆ ಹಿಂದೆ ಕಂಬದ ಥರ ನಿಂತಿದಾನಂತೆ. ಯಾರಣ್ಣ ಅದು?"

ಅಣ್ಣ ಎಂದು ಕರೆದಿದ್ದ. ಹಲ್ಲಿನವನು ಫೋನನ್ನು ನನ್ನ ಕಡೆ ಚಾಚಿದ. ಹಾಗಾಗಿ ನಾನೇ ಹೇಳಿದೆ.

"ನಾನಪ್ಪ. ಕೆಳಗಿನ ಮನೆ ಅಜ್ಜಿ."

ಆ ಕಡೆ, ಅವನ ಕೋಣೆಯ ಪಕ್ಕದ ಶೀತಲಗೃಹದ ಯಂತ್ರ ಗುಂಯ್ ಎನ್ನುವುದು ಕೇಳಿಸಿತು. ಆಮೇಲೆ, "ಅಜ್ಜಿ, ಒಂದಾದ್ರೂ ಗುಂಡು ಹೊಡೀಬಾರದಿತ್ತಾ?"

"ಅವರು ಯಾರೂ ನಂಗೇನೂ ಮಾಡಿರ್ಲಿಲ್ಲವಲ್ಲಪ್ಪ" ಎಂದೆ.

ಆ ಹುಡುಗ ನಗಲು ಶುರು ಮಾಡಿದ. ಹೆಡ್‌ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಬೇಕರಿಯವನೂ ಕಂಡಕ್ಟರೂ ನಕ್ಕರು. ಹಲ್ಲಿನವನು ನಗುತ್ತಿದ್ದನೋ ಅಳುತ್ತಿದ್ದನೋ, ಬೆನ್ನು ನನ್ನ ಕಡೆಗಿತ್ತು. ನಗು ನಿಂತ ಮೇಲೆ ತಮ್ಮ, ನನ್ನ ಮಾನ ಪೂರ್ತಿ ಹೋಗುವ ಮೊದಲು ಎದ್ದೇಳಿ ಅಜ್ಜಿ, ನಾನು ಬರುತ್ತೇನೆ ಎಂದ. ಐದು ನಿಮಿಷಕ್ಕೆ ನನ್ನ ಮುಂದಿನ ಬಂದರು ಮಾಯವಾಯಿತು. ಈ ಹೆಸರಿನವರು ಬೇರೆ ಕಡೆಯಿಂದ ಬಂದಿದ್ದಾರೆ ಎಂದು ತೆರೆಯ ಮೇಲೆ ಬರೆದು ಬಂತು. ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದೆ. ಕೆಲಸದಿಂದ ತೆಗೆದರೆ ಇಷ್ಟು ಹಗುರಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇಳಿಯುವಾಗ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತೆ. "ಕೆಲಸ ಏನೂ ಕೆಟ್ಟದ್ದಲ್ಲ ಅಣ್ಣ" ಎಂದು ತಮ್ಮ ಹೇಳಿದನೇನೋ, ನನಗೆ ಕೇಳಿಸಿದ್ದು ಅಣ್ಣನ ಉತ್ತರ ಮಾತ್ರ. "ಕೆಟ್ಟದ್ದಾದ್ರೆ ಬಿಟ್ಟು ಬಾರೋ. ಬಲಗಡೆ ನೋಡ್ಕೋ. ನಾನು ಹೇಳ್ದೆ ಅಂತ ಇರಬೇಡ."

ಅಲ್ಲಿಂದ ಐದೂವರೆ ಮತ್ತೆ ಐದೂವರೆಯಾಯಿತು. ಆಟ ಒಳ್ಳೆಯದಾಯಿತು ಎಂದು ನಾನು ಹೇಳುವುದಿಲ್ಲ. ಪುಕ್ಕಟೆ ಬಂದ ಮೂರರಲ್ಲಿ ಬಂದರು ಒಂದು ಪರವಾಗಿಲ್ಲ, ಮಿಕ್ಕೆರಡು ಹಳೆ ಅಂಗಿಗೆ ಹೊಸ ಗುಂಡಿ ಎಂದು ಕಂಡಕ್ಟರೇ ಒಪ್ಪಿಕೊಂಡ. ಬೇಕರಿಯವನು ದಿನಾ ಬೈಯುತ್ತಾನೆ, ದಿನಾ ಎಲ್ಲರಿಗಿಂತ ಮೊದಲು ಬರುತ್ತಾನೆ. ಬರುವ ವರ್ಷ ಕಂಪನಿಯವರು ಆಟವನ್ನೇ ಮುಚ್ಚುತ್ತಾರೆ ಎಂದು ಒಂದು ಸುದ್ದಿ ಇದೆ. ಹಲ್ಲಿನವನಿಗೆ ಈ ಮಾತು ಮೊದಲಿನಷ್ಟು ತಾಗುವುದಿಲ್ಲ. ಪ್ಲಾಸ್ಟರಿನ ಬಣ್ಣ ಮುಖದಿಂದ ಇಳಿದು, ಇರಬೇಕಾದ ಕಡೆ, ಬೆರಳಿಗೆ ಮಾತ್ರ ಉಳಿದಿದೆ.

ಮೊನ್ನೆ ತಮ್ಮನಿಗೆ ಹತ್ತು ದಿನದ ರಜೆ ಸಿಕ್ಕಿತು. ಶನಿವಾರ ಬೆಳಿಗ್ಗೆಯ ರೈಲಿಗೆ ಬರುತ್ತೇನೆ ಎಂದ. ಇವನು ಕೋಣೆ ಗುಡಿಸಿದ, ಹಾಸಿಗೆ ಬಿಸಿಲಿಗೆ ಹಾಕಿದ, ಕ್ಷೌರ ಮಾಡಿಸಿಕೊಂಡು ಬಂದ. ಶನಿವಾರ ರೈಲಿಗೆ ಇನ್ನೂ ಎರಡು ಗಂಟೆ ಇರುವಾಗಲೇ ಹೊರಟು ನಿಂತ. ಮೆಟ್ಟಿಲಿಳಿದವನು ಗೇಟಿನ ತನಕ ಹೋಗಿ ಹಿಂದಿರುಗಿ ಬಂದ. ಏನೋ ಮರೆತಿದ್ದಾನೆ ಎಂದುಕೊಂಡೆ. ಬಾಗಿಲಿನ ಚೌಕಟ್ಟು ಹಿಡಿದು, ನೆಲ ನೋಡುತ್ತಾ ಕೇಳಿದ:

"ಅಜ್ಜಿ, ಸ್ಟೇಷನ್ನಿಂದ ಮನೆಗೆ ಬಸ್ಸಲ್ಲಿ ಮುಕ್ಕಾಲು ಗಂಟೆ. ಇಬ್ಬರೂ ಪಕ್ಕಪಕ್ಕ ಕೂತಿರ್ತೀವಿ, ಕೈ ಖಾಲಿ ಇರತ್ತೆ. ಮೊದಲು ಏನು ಮಾತಾಡ್ಲಿ?"