ಮಂಗಲಾ ಎಲ್ಲಿ ಎಂದು ಕೇಳಿದ ಹಾಡು

ಬಿಸಿಲಿಗೆ ಕಾದ ಪತ್ರಾ ಸಂಜೆ ತಣ್ಣಗಾಗುವಾಗ ಒಂದು ಸದ್ದು ಮಾಡುತ್ತದೆ. ಈ ಮೂಲೆಯಲ್ಲಿ ಒಮ್ಮೆ ಟಣ್ ಎನ್ನುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಆ ಮೂಲೆಯಲ್ಲಿ ಇನ್ನೊಮ್ಮೆ. ಪತ್ರಾ ಎಂದರೆ ಮಾಡಿಗೆ ಹಾಕುವ ತಗಡು. ಭೂಕಂಪದ ನಂತರ ನಮ್ಮ ಕಡೆಯ ಮಕ್ಕಳೆಲ್ಲ ದೊಡ್ಡವರಾದದ್ದು ಅದರ ಕೆಳಗೆ. ನಾನೀಗ ಉಮರ್ಗಾದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅಲ್ಲಿ ಸೈಕಲ್ಲು ನಿಲ್ಲಿಸುವ ಜಾಗಕ್ಕೆ ಒಂದು ಹಳೆಯ ಪತ್ರಾ ಹೊದಿಸಿದ್ದಾರೆ. ಮಕ್ಕಳು ಮನೆಗೆ ಹೋದ ಮೇಲೆ ಅದು ಟಣ್ ಎಂದಿತೆಂದರೆ ಸಾಕು, ನನ್ನ ಬಲಗೈ ತಾನಾಗಿಯೇ ಮುಷ್ಟಿಯಾಗುತ್ತದೆ, ಬೀಸುಕಲ್ಲಿನ ಗೂಟ ಹಿಡಿದವಳ ಕೈ ಹಾಗೆ. ಮೂಗಿಗೆ ಆಗಷ್ಟೇ ಬೀಸಿದ ಜೋಳದ ಬೆಚ್ಚನೆಯ ಹಿಟ್ಟಿನ ವಾಸನೆ ಬರುತ್ತದೆ. ನೀವೂ ಯಾವುದೋ ಒಂದು ಮನೆ ಕಳೆದುಕೊಂಡವರಾಗಿದ್ದರೆ ನಿಮಗೂ ಇಂಥದ್ದೊಂದು ಸದ್ದು ಇದ್ದೇ ಇರುತ್ತದೆ, ಬಿಡಿ.

ನಮ್ಮದು ತುರೋರಿ. ಗಡಿಯಾಚೆ ಮರಾಠಿ ಸೀಮೆಯಲ್ಲಿ, ಹೈವೇಗೆ ಹತ್ತಿಕೊಂಡ ಊರು. ಅಪ್ಪನದು ರಸ್ತೆ ಬದಿಗೆ ಕಿರಾಣಿ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ಮನೆ. ಅಪ್ಪನ ಅಜ್ಜ ಆಳಂದದ ಕಡೆಯಿಂದ ಬೆಲ್ಲ, ಬೇಳೆ ಮಾರುತ್ತ ಬಂದು ಇಲ್ಲೇ ನಿಂತವರು. ಹಾಗಾಗಿ ಅಂಗಡಿಯಲ್ಲಿ ಮರಾಠಿ, ಒಲೆಯ ಮುಂದೆ ಕನ್ನಡ. ಎರಡು ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬ್ಯಾಸಗಿಯಲ್ಲೂ ಒಳಗೆ ಕಾಲಿಟ್ಟರೆ ಮಡಕೆಯ ನೀರು ಕುಡಿದಷ್ಟು ತಂಪು. ಪಡಸಾಲೆಯ ಮೂಲೆಯಲ್ಲಿ ನಮ್ಮ ಆಯಿಯ ಬೀಸುಕಲ್ಲು. ಆಯಿ ಎಂದರೆ ಅಪ್ಪನ ತಾಯಿ. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಆಕೆ ಗಿರಣಿಯ ಹಿಟ್ಟಿಗೆ ‘ಸುಟ್ಟ ಹಿಟ್ಟು’ ಎಂದು ಮೂಗು ಮುರಿಯುತ್ತಿದ್ದಳು. ಬೆಳಿಗ್ಗೆ ಆಕೆಯ ಎದುರು ಗೂಟಕ್ಕೆ ಕೈ ಕೊಟ್ಟು ಕೂಡುವ ಕೆಲಸ ನನ್ನದು. ಆಕೆ ಹಾಡಿನ ಒಂದು ನುಡಿ ಎತ್ತುತ್ತಿದ್ದಳು, ಅದನ್ನು ನಾನು ಮುಗಿಸಬೇಕಿತ್ತು. ನಿದ್ದೆಗಣ್ಣಲ್ಲಿ ತಪ್ಪಿಸಿದೆನೋ, ಕಲ್ಲು ನಿಂತಿತು ಎಂದೇ ಅರ್ಥ. “ಗೂಟ ಹಿಡದಾಕಿ ಸುಮ್ಮ ಕೂಡಬಾರ್ದವ್ವಾ,” ಎನ್ನುತ್ತಿದ್ದಳು. “ಒಬ್ಬಾಕಿ ಎತ್ತಿದ್ದು ಇನ್ನೊಬ್ಬಾಕಿ ಮುಗಸಬೇಕು. ಅರ್ಧಕ್ಕ ಬಿಟ್ಟ ಹಾಡು ಮನಿ ತುಂಬ ಅಳಕೋತ ತಿರಗತದ.”

ನಮ್ಮ ಗೋಡೆಗೆ ಗೋಡೆ ಹಚ್ಚಿ ಮಂಗಲಾಳ ಮನೆ. ಆಕೆಯೂ ನಾನೂ ಒಂದೇ ದಿನ ಶಾಲೆಗೆ ಸೇರಿದವರು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಕೆಳಗೇ ನನ್ನ ಹೆಸರು. ಆಕೆಯ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ನಮ್ಮ ಹೆಜ್ಜೆ ಸಪ್ಪಳ ಕೇಳಿದರೆ ಸೆರಗಿನ ಗಂಟು ಬಿಚ್ಚಿ ಇಬ್ಬರಿಗೂ ಸರಿಯಾಗಿ ಒಂದೊಂದು ಚೂರು ಬೆಲ್ಲ ಕೊಡುತ್ತಿದ್ದರು. ನಾವು ಐದನೆಯ ಇಯತ್ತೆ, ಎಂದರೆ ಐದನೆಯ ತರಗತಿಯಲ್ಲಿದ್ದ ಆ ವರ್ಷ, ಊರಿನವರು ಗಣಪತಿಯನ್ನು ನೀರಿಗೆ ಕಳಿಸಿ ಬಂದ ಸಂಜೆ, ಕಟ್ಟೆಯ ಮೇಲೆ ಗಜ್ಜುಗ ಆಡುತ್ತ ನಮಗಿಬ್ಬರಿಗೂ ಜಗಳ ಬಿತ್ತು. ಐದು ಗಜ್ಜುಗದಲ್ಲಿ ಒಂದನ್ನು ಆಕೆ ಲಂಗದಲ್ಲಿ ಮುಚ್ಚಿಟ್ಟಿದ್ದಾಳೆ ಎಂದು ನಾನು, ಇಲ್ಲ ಎಂದು ಆಕೆ. ಸಿಟ್ಟಿನಲ್ಲಿ ನಾನು, “ನಿಮ್ಮ ಮನಿ ಹಾಳಾಗ್ಲಿ!” ಎಂದು ಕೂಗಿ ಒಳಗೆ ಓಡಿಬಿಟ್ಟೆ. ನಮ್ಮ ಕಡೆ ಇದೇನು ದೊಡ್ಡ ಮಾತಲ್ಲ. ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೆ ನಮ್ಮ ಆಯಿ ದಿನಕ್ಕೆ ಹತ್ತು ಸಲ ಇದನ್ನೇ ಅನ್ನುತ್ತಿದ್ದಳು. ಬೆಕ್ಕಿಗೆ ಮನೆಯೇ ಇರಲಿಲ್ಲ, ಆ ಮಾತು ಬೇರೆ.

ಮರುದಿನ ಬೆಳಗಾಗುವ ಮೊದಲೇ ಭೂಮಿ ನಡುಗಿತು. ನಮ್ಮ ಮನೆ ಬಿರುಕು ಬಿಟ್ಟು ನಿಂತಿತು. ಅದರ ಮಗ್ಗುಲಿಗಿದ್ದ ಮಂಗಲಾಳ ಮನೆ ಕುಳಿತುಬಿಟ್ಟಿತು. ಆಕೆಯ ಅಜ್ಜಿ ಹೋದರು. ಆಕೆಯ ಅವ್ವನ ಕಾಲು ಮುರಿಯಿತು. ಹೊತ್ತು ಏರುವ ಮೊದಲೇ ಒಂದು ಜೀಪಿನಲ್ಲಿ ಅವರನ್ನೆಲ್ಲ ಕರೆದುಕೊಂಡು ಹೋದರು. ಜೀಪಿನ ಹಿಂದೆ ಕುಳಿತ ಮಂಗಲಾ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ನಿನ್ನೆ ಸಂಜೆ ನಾನು ಅಂದದ್ದೇ ಆಗಿತ್ತು. ನನ್ನ ನಾಲಿಗೆಯಲ್ಲಿ ವಿಷವಿದೆ, ಇನ್ನೊಂದು ಮಾತಾಡಿದರೆ ಇನ್ನೊಂದು ಮನೆ ಬೀಳುತ್ತದೆ ಎಂದು ನನ್ನ ಹತ್ತು ವರ್ಷದ ಬುದ್ಧಿಗೆ ಖಾತ್ರಿಯಾಗಿ ಹೋಯಿತು. ಆವತ್ತಿನಿಂದ ನಾನು ಬಾಯಿ ತೆರೆಯಲಿಲ್ಲ.

ಮೊದಲು ಎಲ್ಲರೂ ಹೆದರಿಕೆ ಎಂದರು. ಊರಲ್ಲಿ ಯಾರು ತಾನೇ ಹೆದರಿರಲಿಲ್ಲ! ದೀಪಾವಳಿ ಕಳೆಯಿತು, ಉಳಿದ ಮಕ್ಕಳು ಕಿರುಚಾಡತೊಡಗಿದರು, ನಾನು ಮಾತ್ರ ಹಾಗೇ ಉಳಿದೆ. ಡಾಕ್ಟರು ಗಂಟಲು ನೋಡಿ ಏನೂ ಆಗಿಲ್ಲ ಎಂದರು. ಅವ್ವ ದರ್ಗಾಕ್ಕೆ ಹರಕೆ ಹೊತ್ತಳು, ಮಠದ ಅಯ್ಯನವರಿಂದ ವಿಭೂತಿ ತಂದು ನಾಲಿಗೆಗೆ ಹಚ್ಚಿದಳು. ಬಿರುಕು ಬಿಟ್ಟ ಮನೆಯೊಳಗೆ ಮಲಗಲು ಯಾರಿಗೂ ಧೈರ್ಯವಿಲ್ಲದೆ ನಾವು ಅಂಗಳದಲ್ಲಿ ಪತ್ರಾದ ಶೆಡ್ಡು ಹಾಕಿಕೊಂಡಿದ್ದೆವು. ಬೀಸುಕಲ್ಲೂ ಅಲ್ಲಿಗೇ ಬಂದಿತ್ತು. ಆಯಿ ಒಂದು ನುಡಿ ಎತ್ತುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು, ನಾನು ಬರೀ ಗೂಟ ತಿರುಗಿಸುತ್ತಿದ್ದೆ. ಆಗ ಆ ನುಡಿಯನ್ನು ತಾನೇ ಮುಗಿಸುತ್ತಿದ್ದಳು. ಆ ದಿನಗಳಲ್ಲಿ ಆಕೆಯ ದನಿ ಸೋತದ್ದು ನನ್ನ ಕಿವಿಗೆ ಈಗಲೂ ಕೇಳಿಸುತ್ತದೆ.

ಶಾಲೆಯೂ ಪತ್ರಾದ ಶೆಡ್ಡಿಗೆ ಬಂದಿತ್ತು. ದೀಪಾವಳಿಯ ಸೂಟಿ ಮುಗಿದ ಮೇಲೆ ಇಂಗ್ಲಿಷ್ ಕಲಿಸಲು ಉಷಾ ಮ್ಯಾಡಂ ಎಂಬವರು ಬಂದರು. ನಿಲಂಗಾದವರು. ಮನೆಮಾತು ಕನ್ನಡ, ಮಾತಿಗಿಂತ ನಗೆ ಮುಂದೆ. ನಮ್ಮ ಮರಾಠಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೆಯ ಇಯತ್ತೆಗೆ. ಎ, ಬಿ, ಸಿ, ಡಿ ಬರೆಯಲು ಬರುತ್ತಿತ್ತು, ಬಾಯಿ ಬಿಡಲು ಎಲ್ಲರಿಗೂ ನಾಚಿಕೆ. ಹೀಗಾಗಿ ಮೊದಲ ಕೆಲವು ದಿನ ಇಡೀ ವರ್ಗವೇ ನನ್ನ ಹಾಗೆ ಮೂಕವಾಗಿತ್ತು, ನನಗದು ಹಾಯೆನಿಸಿತ್ತು. ಒಂದು ದಿನ ಮ್ಯಾಡಂ ಹೊಲದಿಂದ ಒಂದು ಹೊರೆ ತೊಗರಿ ಕಟ್ಟಿಗೆ ತರಿಸಿದರು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ನಡುವೆ ಒಂದೊಂದು ಮೊಳದ ಕಟ್ಟಿಗೆ ನಿಲ್ಲಿಸಿ, “ಇದು ಬೀಸುಕಲ್ಲಿನ ಗೂಟ. ನಿಮ್ಮ ಅವ್ವ, ಆಯಿ ಬೀಸಿದಾಂಗ ತಿರಗಸ್ರಿ,” ಎಂದರು. ಆಮೇಲೆ ನಮಗೆಲ್ಲ ತೊಟ್ಟಿಲಿನಿಂದಲೂ ಗೊತ್ತಿದ್ದ ಬೀಸುವ ಹಾಡಿನ ಧಾಟಿಯಲ್ಲಿ ಎತ್ತಿದರು: “ವ್ಹೇರ್ ಇಜ್ ದ ಕೌ?” ಎದುರಿನವರು ಮುಗಿಸಬೇಕು: “ದ ಕೌ ಇಜ್ ಹಿಯರ್.” ಆಕಳು ಚಿತ್ರದಲ್ಲಿ ಇಲ್ಲದಿದ್ದರೆ, “ದ ಕೌ ಇಜ್ ನಾಟ್ ಹಿಯರ್.” ಬೀಸುವ ಹಾಡು ಅರ್ಧಕ್ಕೆ ಬಿಡಬಾರದು ಎನ್ನುವುದು ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಚಿಕೆ ಎಲ್ಲಿ ಹೋಯಿತೋ, ವಾರದೊಳಗೆ ಶೆಡ್ಡಿನ ಪತ್ರಾ ಹಾರಿಹೋಗುವಂತೆ ಎಲ್ಲರೂ ಹಾಡತೊಡಗಿದರು. ಮೊದಲು ರಾಗದಲ್ಲಿ ಹಾಡಿಸುತ್ತಿದ್ದರು, ಆಮೇಲೆ ರಾಗ ಬಿಟ್ಟು ಬರೀ ಮಾತಿನಲ್ಲಿ ಹೇಳಿಸುತ್ತಿದ್ದರು, ಕೊನೆಗೆ ಕಟ್ಟಿಗೆಯನ್ನೂ ಪಕ್ಕಕ್ಕೆ ಇಡಿಸುತ್ತಿದ್ದರು. ಆಗ ನೋಡಿದರೆ ಇಬ್ಬರು ಪೋರರು ಇಂಗ್ಲಿಷಿನಲ್ಲಿ ಆಕಳ ಬಗ್ಗೆ ಮಾತಾಡುತ್ತಿರುತ್ತಿದ್ದರು! ಶಿಕ್ಷಕಿಯಾದ ಮೇಲೆ ನಾನು ಎಷ್ಟೋ ತರಬೇತಿಗೆ ಹೋಗಿ ಬಂದಿದ್ದೇನೆ, ಇದಕ್ಕಿಂತ ಒಳ್ಳೆಯ ಉಪಾಯ ಕಂಡಿಲ್ಲ.

ನನ್ನ ಎದುರು ಕೂರಲು ಮಂಗಲಾ ಇರಲಿಲ್ಲವಾದ್ದರಿಂದ ಮ್ಯಾಡಂ ತಾವೇ ಕೂರುತ್ತಿದ್ದರು. ನಾನು ಕಟ್ಟಿಗೆ ತಿರುಗಿಸುತ್ತಿದ್ದೆ, ಹಾಡುತ್ತಿರಲಿಲ್ಲ. ಅವರು ಬೈಯಲೂ ಇಲ್ಲ, ಬೇಡಲೂ ಇಲ್ಲ. ಅಷ್ಟರಲ್ಲಿ ಒಂದು ದಿನ ಅಪ್ಪ ಶಾಲೆಗೆ ಬಂದ. “ಪೋರಿ ಮೂಕಿ ಆಗ್ಯಾಳ್ರೀ ಮ್ಯಾಡಂ. ಸೊಲ್ಲಾಪುರದಾಗ ಇಂಥವರ ಶಾಳಾ ಅದ ಅಂತಾರ, ಅಲ್ಲೇ ಇಟ್ಟು ಬರ್ತೀವ್ರೀ,” ಎನ್ನುವಾಗ ಅವನ ದನಿ ಒಡೆದಿತ್ತು. ಮ್ಯಾಡಂ ನನ್ನ ಕಡೆ ನೋಡಿ, “ಸಂಕ್ರಾಂತಿ ತನಕ ನನ್ನ ಕಡೆ ಬಿಡ್ರೀ ಶೇಠಜೀ. ಬಾಯಿ ಬಿಟ್ಟಿಲ್ಲ ಖರೆ, ಆದ್ರ ಕಟ್ಟಿಗಿ ತಾಳ ತಪ್ಪಂಗಿಲ್ಲ. ಆಕಿ ಒಳಗ ಹಾಡ್ಲಕತ್ತಾಳ,” ಎಂದರು. ಅದು ನಿಜವಾಗಿತ್ತು. ಆದರೆ ಸೊಲ್ಲಾಪುರದ ಹೆಸರು ಕೇಳಿದ ಮೇಲೆ ನಾನು ಇಕ್ಕಟ್ಟಿಗೆ ಸಿಕ್ಕಿದೆ. ಮಾತಾಡಿದರೆ ಯಾರದೋ ಮನೆ ಬೀಳುತ್ತದೆ, ಆಡದಿದ್ದರೆ ನನ್ನ ಮನೆ ತಪ್ಪುತ್ತದೆ.

ಸಂಕ್ರಾಂತಿಗೆ ಇನ್ನು ಒಂದು ವಾರವಿತ್ತೇನೋ. ಆವತ್ತು ಮ್ಯಾಡಂ ಆಕಳನ್ನು ಬಿಟ್ಟು ಮಕ್ಕಳ ಹೆಸರಿನಿಂದಲೇ ಹಾಡು ಕಟ್ಟಿದರು. ದಿನಾ ಹಾಜರಿ ಕರೆಯುತ್ತಿದ್ದವರು ಬೇರೆ ಗುರುಗಳು. ಮ್ಯಾಡಂ ಅವರಿಂದ ಪುಸ್ತಕ ತರಿಸಿಕೊಂಡು ತೊಡೆಯ ಮೇಲೆ ತೆರೆದಿಟ್ಟು, ನನ್ನ ಎದುರು ಕಟ್ಟಿಗೆ ತಿರುಗಿಸುತ್ತ ಒಂದೊಂದೇ ಹೆಸರು ಎತ್ತಿದರು, ವರ್ಗವೆಲ್ಲ ಮುಗಿಸುತ್ತಿತ್ತು. ಮಂಗಲಾಳ ಹೆಸರನ್ನು ಯಾರೂ ಹೊಡೆದು ಹಾಕಿರಲಿಲ್ಲ. ಏನೂ ಅರಿಯದ ಮ್ಯಾಡಂ, “ವ್ಹೇರ್ ಇಜ್ ಮಂಗಲಾ?” ಎಂದು ಹಾಡಿದರು. ಎಲ್ಲರ ಕಟ್ಟಿಗೆಗಳು ನಿಂತವು. ಬಿಸಿಲಿಗೆ ಪತ್ರಾ ಟಣ್ ಎಂದಿತು. ನನ್ನ ಕೈಯೊಳಗಿನ ಕಟ್ಟಿಗೆ ಮಾತ್ರ ತಿರುಗುತ್ತಲೇ ಇತ್ತು, ನುಡಿ ಅರ್ಧಕ್ಕೆ ನಿಂತಿತ್ತು, ಅದು ಅಳುತ್ತ ತಿರುಗತೊಡಗಿದ್ದು ನನಗೆ ಕೇಳಿಸಿತು. “ಮಂಗಲಾ ಇಜ್ ನಾಟ್ ಹಿಯರ್,” ಎಂದು ಯಾರೋ ಹಾಡಿದರು. ಎಲ್ಲರೂ ನನ್ನ ಕಡೆ ತಿರುಗಿದಾಗಲೇ ಅದು ನನ್ನ ದನಿ ಎಂದು ನನಗೆ ಗೊತ್ತಾದದ್ದು. ಮ್ಯಾಡಂ ಕಟ್ಟಿಗೆ ಬಿಡಲಿಲ್ಲ. ಪುಸ್ತಕದಲ್ಲಿ ಅದರ ಕೆಳಗಿದ್ದ ನನ್ನ ಹೆಸರು ನೋಡಿ ಅದೇ ಧಾಟಿಯಲ್ಲಿ, “ವ್ಹೇರ್ ಇಜ್ ಗಂಗಾ?” ಎಂದರು. “ಗಂಗಾ ಇಜ್ ಹಿಯರ್,” ಎಂದೆ. ಪತ್ರಾ ಬೀಳಲಿಲ್ಲ. ಯಾವ ಗೋಡೆಯೂ ಬೀಳಲಿಲ್ಲ.

ಯಾಕೆ ಬೀಳಲಿಲ್ಲ ಎಂಬುದನ್ನೂ ನಾನೇ ಲೆಕ್ಕ ಹಾಕಿಕೊಂಡೆ. ಇಂಗ್ಲಿಷಿನಲ್ಲಿ ನನಗೆ ಒಂದೇ ಒಂದು ಬೈಗುಳವೂ ಬರುತ್ತಿರಲಿಲ್ಲ. ಆ ಭಾಷೆಯಲ್ಲಿ ನಾನು ಯಾರಿಗೂ ಕೇಡು ಬಯಸಿರಲಿಲ್ಲ. ಹಾಗಾಗಿ ಅದೊಂದೇ ನನಗೆ ಧೈರ್ಯದ ಮಾತಾಯಿತು. ಅಂದು ಸಂಜೆ ಮನೆಯಲ್ಲಿ, “ಆಯಿ, ಗಿವ್ ಮಿ ವಾಟರ್,” ಎಂದಾಗ ಆಯಿಯ ಕೈಯಿಂದ ತಂಬಿಗೆ ಜಾರಿತು. “ಹೋಗಿದ್ದು ಕನ್ನಡ, ಬಂದದ್ದು ಇಂಗ್ರೇಜಿ! ಎಮ್ಮಿ ಕಳಕೊಂಡವರಿಗೆ ಕುದರಿ ಸಿಕ್ಕಾಂಗ ಆತಲ್ಲವ್ವಾ,” ಎಂದು ಅಳುತ್ತ ನಕ್ಕಳು. ಅವ್ವನಿಗೆ ಇದು ಯಾವುದೋ ಸಾಹೇಬನ ದೆವ್ವವಿರಬಹುದೇ ಎಂದು ಒಂದು ದಿನ ಅನುಮಾನವಿತ್ತು. ಅಪ್ಪ ಮಾತ್ರ ಅಂಗಡಿಗೆ ಬಂದ ಲಾರಿ ಡ್ರೈವರುಗಳಿಗೆಲ್ಲ ಬಿಟ್ಟಿ ಚಹಾ ಕುಡಿಸಿ, ಮಗಳು ಇಂಗ್ಲಿಷಿನಲ್ಲಿ ನೀರು ಕೇಳುತ್ತಾಳೆ ಎಂದು ಹೇಳಿಕೊಂಡ. ಸೊಲ್ಲಾಪುರದ ಮಾತು ಅಲ್ಲಿಗೇ ನಿಂತಿತು. ಕನ್ನಡ ಮಾತ್ರ ಇನ್ನೂ ಗಂಟಲಲ್ಲೇ ಇತ್ತು.

ಸಂಕ್ರಾಂತಿಯ ದಿನ ಮಂಗಲಾಳ ಅಪ್ಪ ಬಿದ್ದ ಮನೆಯ ತೊಲೆಗಳನ್ನು ಒಯ್ಯಲು ಬಂದರು. ಅವರು ಉದಗೀರದಲ್ಲಿ ಮಾವನ ಮನೆಯ ಬಳಿ ನೆಲೆ ನಿಂತಿದ್ದರಂತೆ. ಜೊತೆಗೆ ಮಂಗಲಾ. ನಾನು ಶೆಡ್ಡಿನ ಹಿಂದೆ ಅಡಗಿಕೊಂಡೆ. ಆಕೆ ಹುಡುಕಿಕೊಂಡು ಅಲ್ಲಿಗೇ ಬಂದಳು. ಅಂಗೈಯಲ್ಲಿ ಎಳ್ಳುಂಡೆ. ನಮ್ಮ ಕಡೆ ಅದನ್ನು ಕೊಡುವಾಗ ಎಲ್ಲರೂ ಮರಾಠಿಯಲ್ಲಿ ಸಿಹಿಸಿಹಿ ಮಾತಾಡಿ ಎಂದು ಹೇಳುತ್ತಾರೆ, ಆಕೆಯೂ ಹೇಳಿದಳು: “ತಿಳಗುಳ ಘ್ಯಾ, ಗೋಡ ಗೋಡ ಬೋಲಾ.” ಎಳ್ಳುಂಡೆ ತೆಗೆದುಕೊಂಡು ಸುಮ್ಮನಿರುವಂತಿಲ್ಲ. ಮ್ಯಾಡಂ ಕಲಿಸಿದ ಯಾವ ಹಾಡಿನಲ್ಲೂ ನಾನು ಹೇಳಬೇಕಾದ ಮಾತು ಇರಲಿಲ್ಲ. “ಮಂಗೀ, ನಿಮ್ಮ ಮನಿ ನಾನೇ ಕೆಡವೀನಿ,” ಎಂದೆ. ಕನ್ನಡದಲ್ಲೇ ಎಂದೆ. “ನಿಮ್ಮ ಮನಿ ಹಾಳಾಗ್ಲಿ ಅಂದಿದ್ದೆ. ಅಜ್ಜಿ ನನ್ನಿಂದ ಹೋದ್ರು.”

ಮಂಗಲಾ ನನ್ನನ್ನು ಬೆರಗಾಗಿ ನೋಡಿದಳು. “ಹುಚ್ಚಿ ಇದ್ದೀಯೇನ? ನಾನೂ ಅಂದಿದ್ನಲ್ಲ, ‘ನಿಮ್ಮ ಮನಿನೂ ಹಾಳಾಗ್ಲಿ’ ಅಂತ! ನೀ ಒಳಗ ಓಡಿ ಹೋದಿ, ನಿನಗ ಕೇಳ್ಸಿಲ್ಲ. ನಿಮ್ಮ ಮನಿ ಎಲ್ಲಿ ಬಿದ್ದದ?” ಎಂದು ನಮ್ಮ ಗೋಡೆಗೆ ಕೈ ತೋರಿಸಿದಳು. ಆಮೇಲೆ ದನಿ ತಗ್ಗಿಸಿ, “ಗಜ್ಜುಗ ನನ್ನ ಕಡೇನೇ ಇತ್ತು,” ಎಂದಳು. ನಾನು ಆ ಗೋಡೆಯನ್ನು ನೋಡಿದೆ. ಬಿರುಕು ಬಿಟ್ಟಿತ್ತು, ಆದರೆ ನಿಂತಿತ್ತು. ಮೂರೂವರೆ ತಿಂಗಳು ಎದೆಯ ಮೇಲೆ ಕೂತಿದ್ದದ್ದು ಅಲ್ಲೇ ಇಳಿಯಿತು. ಅಷ್ಟು ಹಗುರ ನಾನು ಮುಂದೆಂದೂ ಆಗಲಿಲ್ಲ. ನಾವಿಬ್ಬರೂ ಜೋರಾಗಿ ಅತ್ತೆವು, ಆಮೇಲೆ ಎಳ್ಳುಂಡೆ ತಿಂದೆವು. ಮರುದಿನ ಆಕೆ ನನ್ನ ಜೊತೆ ಶಾಲೆಗೆ ಬಂದಳು. ಮ್ಯಾಡಂ ಬೇಕೆಂದೇ, “ವ್ಹೇರ್ ಇಜ್ ಮಂಗಲಾ?” ಎಂದು ಎತ್ತಿದರು. ಎಲ್ಲರಿಗಿಂತ ಮೊದಲು ನಾನೇ ಮುಗಿಸಿದೆ.

ಗೋಡೆ ನಿಂತರೇನು, ಕಲ್ಲಿನ ಮನೆಯೊಳಗೆ ಮತ್ತೆ ಮಲಗುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ಅಪ್ಪನೇ ಅದನ್ನು ಇಳಿಸಿ ಅಂಗಡಿಯ ಹಿಂದೆ ಸಿಮೆಂಟಿನ ಎರಡು ಕೋಣೆ ಕಟ್ಟಿದ. ಬ್ಯಾಸಗಿಯಲ್ಲಿ ಅವು ಒಲೆಯ ಹಾಗೆ ಕಾಯುತ್ತಿದ್ದವು. ಆಯಿ ಪತ್ರಾದ ಶೆಡ್ಡು ಬಿಟ್ಟು ಬರಲೇ ಇಲ್ಲ. ಕಡೆಯವರೆಗೂ ಅಲ್ಲೇ ಬೀಸಿದಳು, ಅಲ್ಲೇ ತೀರಿಕೊಂಡಳು. ಉಷಾ ಮ್ಯಾಡಂಗೆ ಬೇರೆ ಊರಿಗೆ ವರ್ಗವಾಯಿತು. ಅವರಿಗೆ ನಾನು ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದಕ್ಕೆ ಉತ್ತರ ಬಂತು, ಎರಡನೆಯದಕ್ಕೆ ಬರಲಿಲ್ಲ.

ಹೋದ ವರ್ಷ ಮಂಗಲಾ ಉದಗೀರದಿಂದ ಬಂದಿದ್ದಾಗ ಇಬ್ಬರೂ ತುರೋರಿಗೆ ಹೋಗಿದ್ದೆವು. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಯಾರದೋ ಸೋಯಾಬೀನಿನ ಚೀಲಗಳ ಗೋದಾಮು. ಮಂಗಲಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಅದನ್ನು ನೋಡಿ, “ನೋಡು ಗಂಗಾ, ನನ್ನ ಮಾತೂ ಹತ್ತೇದ. ತುಸು ತಡಾ ಆತು ಅಷ್ಟೇ,” ಎಂದಳು. ನಕ್ಕು ನಕ್ಕು ನಮ್ಮಿಬ್ಬರ ಕಣ್ಣಲ್ಲೂ ನೀರು ಬಂತು. ನಗೆ ನಿಂತ ಮೇಲೆ ಗೋದಾಮಿನ ಪತ್ರಾ ಟಣ್ ಎಂದಿತು. ಮಂಗಲಾ ನನ್ನ ಮುಖ ನೋಡದೆ, ಬಹಳ ಮೆಲ್ಲಗೆ, ಅದೇ ಧಾಟಿಯಲ್ಲಿ ಎತ್ತಿದಳು: “ವ್ಹೇರ್ ಇಜ್ ಆಯಿ?”

ಅರ್ಧಕ್ಕೆ ಬಿಡುವಂತಿರಲಿಲ್ಲ. ನಾನು ಮುಗಿಸಿದೆ.