ಒಂಟಿ ಬುಗುಡಿಯ ಚಿನ್ನ

ಯುದ್ಧದ ಕಾಲ. ಹಡಗುಗಳು ಸರಿಯಾಗಿ ಬರುತ್ತಿರಲಿಲ್ಲ, ಹಾಗಾಗಿ ಪರದೇಶದಿಂದ ನಮ್ಮ ಪ್ರಯೋಗಶಾಲೆಗೆ ಬರಬೇಕಾದ ಚಿನ್ನದ ತಂತಿಯೂ ಬರಲಿಲ್ಲ. ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಕಾಲೇಜಿನಲ್ಲಿ ನಾನು ಆಗಷ್ಟೇ ಸಂಶೋಧನೆಗೆ ಸೇರಿದ್ದೆ. ಗಂಧಕವಿರುವ ಸಾವಯವ ವಸ್ತುಗಳನ್ನು ಆಮ್ಲದಲ್ಲಿ ಕರಗಿಸಿ, ಅದರೊಳಗೆ ಚಿನ್ನದ ತಂತಿಯನ್ನೂ ಅದರೆದುರಿಗೆ ಒಂದು ಪ್ಲಾಟಿನಂ ತಂತಿಯನ್ನೂ ಇಳಿಬಿಟ್ಟು, ವಿದ್ಯುತ್ ಹರಿಸಿದರೆ ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಚಿನ್ನವೇ ಇಲ್ಲದೆ ನೋಡುವುದೇನು?

ಹಲಸೂರಿನ ಮನೆಯಲ್ಲಿ ಈ ಮಾತು ಬಂದಾಗ ಅಜ್ಜಿ ಎದ್ದು ಒಳಗೆ ಹೋಗಿ ಕಿವಿಯ ಮೇಲಂಚಿಗೆ ಹಾಕುವ ಒಂದು ಚಿನ್ನದ ಬುಗುಡಿ ತಂದರು. ಅದರ ಜೊತೆಯದು ಮಹದೇವಪುರದ ತವರಿನಲ್ಲಿ ಯಾವುದೋ ಮದುವೆಯಲ್ಲಿ ಕಳೆದುಹೋಗಿತ್ತಂತೆ. ಒಂದೇ ಕಿವಿಗೆ ಹಾಕಿಕೊಳ್ಳುವುದು ಹೇಗೆ ಎಂದು ಎಷ್ಟೋ ವರ್ಷದಿಂದ ಎತ್ತಿಟ್ಟಿದ್ದರು.

"ಆಸಿಡ್‌ನಲ್ಲಿ ಕರಗಿಹೋಗಲ್ಲ ತಾನೆ?" ಎಂದು ಕೇಳಿದರು.

"ಈ ಆಸಿಡ್‌ಗೆ ಚಿನ್ನ ಕರಗಲ್ಲಜ್ಜಿ," ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು.

ಪಕ್ಕದ ಬೀದಿಯ ಅಕ್ಕಸಾಲಿಗರು ಬುಗುಡಿಯನ್ನು ಕರಗಿಸಿ, ಶುದ್ಧಮಾಡಿ, ಸಣ್ಣ ತೂತುಗಳ ಉಕ್ಕಿನ ಪಟ್ಟಿಯಲ್ಲಿ ತೂರಿಸಿ ಎಳೆದು ತಂತಿ ಮಾಡಿಕೊಟ್ಟರು. ಅದನ್ನು ಬರೀ ಗಂಧಕಾಮ್ಲದಲ್ಲಿಟ್ಟು ವಾರಗಟ್ಟಲೆ ಅಳೆದೆ. ತೂಕ ಕೂದಲೆಳೆಯಷ್ಟೂ ಇಳಿಯಲಿಲ್ಲ. ಆಮೇಲೆ ಥಯೋಯೂರಿಯಾ ಎಂಬ ಬಿಳಿ ಹರಳನ್ನು ಬೆರೆಸಿದೆ. ಅದರಲ್ಲಿ ಗಂಧಕವಿದೆ. ಫೋಟೋ ತೊಳೆಯುವವರೂ ಬಳಸುತ್ತಿದ್ದರು, ಶಿವಾಜಿನಗರದ ಒಂದು ಸ್ಟುಡಿಯೋದಿಂದಲೇ ತಂದದ್ದು. ಕರೆಂಟು ಚೆನ್ನಾಗಿ ಹರಿಯತೊಡಗಿತು. ನಾನು ಖುಷಿಯಾಗಿ ಅಳೆಯುತ್ತಾ ಹೋದೆ. ಒಂದು ಮಧ್ಯಾಹ್ನ ತಂತಿ ತೆಳ್ಳಗಾಗಿ ತುದಿಯಲ್ಲಿ ಮುರಿದೇಬಿಟ್ಟಿತು.

ಅಕ್ಕಸಾಲಿಗರು ತಾಮ್ರ ಬೆರೆಸಿರಬೇಕು ಎಂದರು ನನ್ನ ಸಂಶೋಧನೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರು. ಅಮ್ಮನೂ ಅದನ್ನೇ ಹೇಳಿದರು. ವಿಚಾರಿಸಲು ಹೊರಟವಳು, ಅದಕ್ಕೆ ಮೊದಲು ಗಾಜಿನ ಪಾತ್ರೆ ತೊಳೆದಿಡೋಣವೆಂದು ಎದುರಿಗಿದ್ದ ಪ್ಲಾಟಿನಂ ತಂತಿಯನ್ನು ಎತ್ತಿದೆ. ಬೆಳ್ಳಗಿರಬೇಕಾದದ್ದು ಹಳದಿಯಾಗಿತ್ತು. ಥಯೋಯೂರಿಯಾ ಚಿನ್ನವನ್ನು ಮೆಲ್ಲಗೆ ಬಿಡಿಸಿಕೊಂಡು ಆ ದಡಕ್ಕೆ ದಾಟಿಸಿತ್ತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಕಸಾಲಿಗರ ಬಗ್ಗೆ ಆಡಿದ ಮಾತನ್ನು ವಾಪಸ್ ತೆಗೆದುಕೊಂಡರು.

ಮನೆಗೆ ಹೋಗಿ ಹೇಳಿದರೆ ಅಜ್ಜಿ ಬೈಯಲಿಲ್ಲ, ನಂಬಲೂ ಇಲ್ಲ. ಮರುದಿನ ಜಟಕಾ ಹತ್ತಿ ಕಾಲೇಜಿಗೇ ಬಂದರು. ಮೇಷ್ಟ್ರು ಸ್ಟೂಲ್ ಹಾಕಿ ಕೂರಿಸಿ ಎಲ್ಲವನ್ನೂ ವಿವರಿಸಿದರು. ಅಜ್ಜಿ ಎರಡೂ ತಂತಿಗಳನ್ನು ದಿಟ್ಟಿಸಿ ನೋಡಿದರು.

"ಆ ಕಡೆ ಹೋಗಿ ಕೂತಿದೆ ಅಂತೀರಿ. ಹಾಗಾದ್ರೆ ಈ ಕಡೆ ಕರ್ಕೊಂಡ್ಬನ್ನಿ ಸ್ವಾಮಿ."

ಮೇಷ್ಟ್ರು ನಕ್ಕರು, ಆದರೆ ಎದ್ದು ಬ್ಯಾಟರಿಯ ವೈರುಗಳನ್ನು ಅದಲುಬದಲು ಮಾಡಿದರು. ಅಜ್ಜಿ ಕೂತು ನೋಡಿದರು. ಸಂಜೆಯ ಹೊತ್ತಿಗೆ ಪ್ಲಾಟಿನಂ ಮತ್ತೆ ಬೆಳ್ಳಗಾಗುತ್ತಾ ಬಂತು. ಇತ್ತ ಚಿನ್ನದ ತಂತಿಯ ಮೇಲೆ ಕೂತ ಹೊಸ ಚಿನ್ನ ಮಾತ್ರ ಮಂಕಾಗಿ ಕಂದು ಬಣ್ಣಕ್ಕಿತ್ತು. ಅಂಟುವಾಳದಲ್ಲಿ ಉಜ್ಜಿದರೆ ಸರಿಹೋಗುತ್ತೆ ಎಂದು ಅಜ್ಜಿ ಮೇಷ್ಟ್ರಿಗೆ ಸಮಾಧಾನ ಹೇಳಿದರು.

ಮುರಿದ ತುಣುಕನ್ನು ಅವರು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಹೋಗಿ ಮೂಗುಬೊಟ್ಟು ಮಾಡಿಸಿಕೊಂಡರು. ಉಳಿದ ತಂತಿಯನ್ನು ವಾಪಸ್ ಕೇಳಲೇ ಇಲ್ಲ. ನನ್ನ ಸಂಶೋಧನೆ ಮುಗಿಯುವವರೆಗೂ ಅದೇ ತಂತಿಯಲ್ಲಿ ಕೆಲಸ ಮಾಡಿದೆ. ಕೆಲಸ ಹೇಗೆ ನಡೀತಿದೆ ಎಂದು ಬೀದಿಯಲ್ಲಿ ಯಾರಾದರೂ ಕೇಳಿದರೆ, ನನಗಿಂತ ಮುಂಚೆ ಅಜ್ಜಿಯೇ ಉತ್ತರ ಕೊಡುತ್ತಿದ್ದರು.