ಹಿತ್ತಲಲ್ಲಿ ನಿಂತಿದ್ದ ನಾಲ್ವರು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗಿ ಚಹಾಕ್ಕೆ ಇಡುವವಳು ನಾನು. ಅವೆಲ್ಲ ಕೆಲಸವಿಲ್ಲದವರ ಮಾತು ಎಂದು ನನಗೆ ಖಾತ್ರಿಯಿತ್ತು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನನ್ನ ಮನೆಯೊಳಗೇ ನಡೆದದ್ದನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಹೆದರಿಕೆಯಿಂದಲ್ಲ, ನಾಚಿಕೆಯಿಂದ.

ಆಗ ನಾವು ಬೀದರಿನ ನೌಬಾದದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಒಂದರ ಹಿಂದೊಂದು ಮಳೆ ಕೈಕೊಟ್ಟ ವರ್ಷಗಳು. ಔರಾದ ಕಡೆಯಿಂದ ಬರುವ ಬಸ್ಸುಗಳಲ್ಲಿ ಹಾಸಿಗೆಯ ಸುರುಳಿ, ಸ್ಟೋವು, ಹಿಟ್ಟಿನ ಡಬ್ಬಿ ತುಂಬಿಕೊಂಡು ಜನ ಹೈದರಾಬಾದಿನ ಹಾದಿ ಹಿಡಿದಿದ್ದರು. ನನ್ನ ಗಂಡನ ಊರು ಔರಾದ ತಾಲ್ಲೂಕಿನ ಎಕಂಬಾ. ಅಲ್ಲಿದ್ದ ಮೈದುನ ಶಿವರಾಜನೂ ಹಿಂದಿನ ವರ್ಷ ಹೆಂಡತಿ ಶೋಭಾಳನ್ನು ಕರೆದುಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅಲ್ಲಿ ಶೋಭಾಳಿಗೆ ಡೆಂಗಿ ಜ್ವರ ಬಂದು, ದವಾಖಾನೆಯಲ್ಲಿ ಮಲಗಿ, ಸೊರಗಿ ಅರ್ಧ ಆಗಿ ಊರಿಗೆ ಮರಳಿದ್ದಳು. ಮರುವರ್ಷವೂ ಮಳೆ ಬರಲಿಲ್ಲ. ಈ ಸಲ ಶಿವರಾಜ ಒಬ್ಬನೇ ಹೊರಟ. ಎಕಂಬಾದಲ್ಲಿ ನೀರಿಗೆ ದೂರ ನಡೆಯಬೇಕಿತ್ತು, ಅವಳಲ್ಲಿ ಕೊಡ ಹೊರುವ ಶಕ್ತಿ ಇನ್ನೂ ಬಂದಿರಲಿಲ್ಲ. ಹಾಗಾಗಿ ನಮ್ಮಲ್ಲಿ ಬಿಟ್ಟುಹೋದ. ಹೋಗುವಾಗ ಹೊಸ್ತಿಲಲ್ಲಿ ನಿಂತು, ‘ವೈನಿ, ನಿಮ್ಮ ಕೈಯಾಗ ಇಟ್ಟೇನ್ರಿ’ ಎಂದಷ್ಟೇ ಹೇಳಿದ.

ನೌಬಾದದಲ್ಲೇನು ನೀರು ಹರಿಯುತ್ತಿತ್ತು ಅಂತಲ್ಲ. ಟ್ಯಾಂಕರ್ ಯಾವಾಗ ಬಂದರೆ ಆವಾಗ. ಬಂದ ದಿನ ಕೊಡ, ಬಕೆಟ್ಟು, ಬೋಗುಣಿ, ಕಡೆಗೆ ಹಪ್ಪಳದ ಡಬ್ಬಿಯನ್ನೂ ಬಿಡದೆ ತುಂಬುತ್ತಿದ್ದೆವು. ಹಿತ್ತಲಲ್ಲಿ ಎರಡು ದೊಡ್ಡ ಡ್ರಮ್ಮು. ತಗಡಿನ ಮುಚ್ಚಳ ಎಂದೂ ಸರಿಯಾಗಿ ಕೂರುತ್ತಿರಲಿಲ್ಲ. ದಿನ ಕಳೆದಂತೆ ನೀರಿನಲ್ಲಿ ಸಣ್ಣ ಹುಳ ಕುಣಿಯುತ್ತಿದ್ದವು. ಹಳೆಯ ಧೋತರದಲ್ಲಿ ಸೋಸಿ ಬಳಸುತ್ತಿದ್ದೆ. ಅಂಥ ವರ್ಷದಲ್ಲಿ ಹುಳಕ್ಕೆ ಹೆದರಿ ನೀರು ಚೆಲ್ಲುವ ಎದೆ ಯಾರಿಗಿತ್ತು?

ಭಾದ್ರಪದದಲ್ಲಿ ಶೋಭಾಳಿಗೆ ಜ್ವರ ಬಂತು. ಮೈಕೈ ನೋವು, ಕಣ್ಣಿನ ಹಿಂದೆ ನೋವು. ನಮ್ಮ ಮನೆಯವರು ರಕ್ತ ತೋರಿಸೋಣ ಎಂದರು. ನಾನೇ ಬೇಡವೆಂದೆ. ಅದಕ್ಕೆ ನನ್ನದೇ ಒಂದು ಲೆಕ್ಕವಿತ್ತು. ನನ್ನ ತವರು ಭಾಲ್ಕಿ. ಅಲ್ಲಿ ಹಿಂದೆಲ್ಲ ಯಾರ ಮನೆಯಲ್ಲಾದರೂ ತಾಯಿ ಬಂದರೆ, ಅಂದರೆ ಮೈಮೇಲೆ ಸಿಡುಬು ಎದ್ದರೆ, ಮೊದಲೇ ತಾಯಿ ಬಂದು ಹೋದವರನ್ನು ಹುಡುಕಿ ಕರೆತಂದು ರೋಗಿಯ ಬಳಿ ಕೂರಿಸುತ್ತಿದ್ದರಂತೆ. ಅವರಿಗೆ ಮತ್ತೆ ಬರುವುದಿಲ್ಲವೆಂದು. ನಮ್ಮ ಅಜ್ಜಿ ಹಾಗೆ ಕೂತವಳು. ಬೇವಿನ ಸೊಪ್ಪು ಹಿಡಿದು ಅವಳು ಹೋಗದ ಮನೆಯಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಆ ನಿಯಮ ನನ್ನ ತಲೆಯಲ್ಲಿ ಮಗ್ಗಿಯ ಹಾಗೆ ಕೂತುಬಿಟ್ಟಿತ್ತು. ಡೆಂಗಿಗೂ ಅದನ್ನೇ ಹಚ್ಚಿದೆ. ಶೋಭಾಳಿಗೆ ಒಮ್ಮೆ ಬಂದು ಹೋಗಿದೆ, ಆದ್ದರಿಂದ ಇದು ಡೆಂಗಿಯಲ್ಲ, ಉಷ್ಣದ ಜ್ವರ. ಭಾಲ್ಕಿಗೆ ಫೋನು ಮಾಡಿ ಅವ್ವನನ್ನು ಕೇಳಿದರೆ ಅವಳೂ ಅದನ್ನೇ ಹೇಳಿದಳು, ಗಂಜಿ ಕುಡಿಸು ಎಂದಳು. ಓಣಿಯಲ್ಲಿ ಕೇಳಿದವರಿಗೆಲ್ಲ ನಾನು ಅದೇ ಮಾತನ್ನು ಡಾಕ್ಟರರ ಧಾಟಿಯಲ್ಲಿ ಹೇಳಿದೆ. ಶೋಭಾ ಮಾತ್ರ ಒಮ್ಮೆ, ‘ಹೋದ ಸಲಾನೂ ಹಿಂಗೇ ಆಗಿತ್ತ್ರಿ ಅಕ್ಕಾ’ ಎಂದಳು. ಅವಳನ್ನು ಸುಮ್ಮನಿರಿಸಿ ಜ್ವರದ ಮಾತ್ರೆ ಕೊಟ್ಟೆ.

ಕೆಲವು ದಿನಕ್ಕೆ ಜ್ವರ ಇಳಿಯಿತು. ಆ ದಿನ ಬೆಳಿಗ್ಗೆ ಹಣೆ ಮುಟ್ಟಿ ನೋಡಿದಾಗ ಸುಡುತ್ತಿರಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಹೊಟ್ಟೆ ನೋಯುತ್ತದೆ ಎಂದಳು, ಒಂದೆರಡು ಸಲ ವಾಂತಿಯೂ ಆಯಿತು. ಖಾಲಿ ಹೊಟ್ಟೆಯ ಮಾತ್ರೆಯ ಗುಣವೆಂದು ತಿಳಿದೆ. ಮಧ್ಯಾಹ್ನ ಮನೆಯವರು ಆಫೀಸಿನಲ್ಲಿದ್ದರು. ಕರೆಂಟಿರಲಿಲ್ಲ. ಪಡಸಾಲೆಯಲ್ಲಿ ಶೋಭಾ ಹಿತ್ತಲ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಆ ಬಾಗಿಲಿಗೆ ಬೆನ್ನು ಹಾಕಿ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದೆ.

ಅವಳು ಮೆಲ್ಲಗೆ ಎದ್ದು ಕೂತಳು. ದನಿ ಸರಿಯಾಗೇ ಇತ್ತು, ಬಡಬಡಿಕೆಯ ಹಾಗೆ ಇರಲಿಲ್ಲ.

‘ಅಕ್ಕಾ, ಹಿತ್ತಲದಾಗ ನಾಕು ಮಂದಿ ಹೆಣ್ಮಕ್ಕಳು ನಿಂತಾರ್ರಿ. ಕೊಡ ತಂದಾರ.’

ನಾನು ತಲೆ ಎತ್ತಲಿಲ್ಲ. ‘ಟ್ಯಾಂಕರ್ ಹೋಗಿ ಯಾವ ಕಾಲ ಆತು. ನಮಗೇ ನೀರಿಲ್ಲ ಅಂತ ಹೇಳು’ ಎಂದು ನಕ್ಕೆ.

‘ನೀರಿಗಿ ಬಂದಿಲ್ಲಂತರಿ’ ಎಂದಳು. ಸ್ವಲ್ಪ ಹೊತ್ತು ನೋಡಿದಳು. ‘ಒಬ್ಬಾಕಿ ನನ್ನ ಗುರ್ತಿನಾಕಿ. ಹೈದರಾಬಾದದ ದವಾಖಾನ್ಯಾಗ ನನ್ನ ಮಗ್ಗಲದಾಗೇ ಮಕ್ಕೊಂಡಿದ್ದಳು. ಆಕಿ ನಕ್ಕೋತ ಅಲ್ಲೇ ನಿಂತಾಳ. ಉಳಿದ ಮೂವರಿಗಿ ನಾ ಯಾರಂತ ಗೊತ್ತಿಲ್ಲರಿ. ಅವರಾಗ ಒಬ್ಬಾಕಿ ಒಳಗ ಬಂದಾಳ.’

‘ಒಳಗ ಎಲ್ಲಿ?’

‘ನಿಮ್ಮ ಬೆನ್ನ ಹಿಂದ.’

ಅದೇ ಗಳಿಗೆಗೆ ಹಿತ್ತಲಲ್ಲಿ ಡ್ರಮ್ಮಿನ ತಗಡು ಸರಿದ ಸಪ್ಪಳ ಕೇಳಿತು. ಬೆಕ್ಕೇ ಇರಬಹುದು. ಆದರೆ ನನ್ನ ಕತ್ತಿನ ಹಿಂದೆ, ಒದ್ದೆ ಸೀರೆ ಉಟ್ಟವರು ಹತ್ತಿರ ಬಂದು ನಿಂತರೆ ಆಗುತ್ತದಲ್ಲ, ಅಂಥ ತಂಪು ತಾಗಿತು. ಆ ಸುಡುವ ಮಧ್ಯಾಹ್ನ ತಂಪು ಎಲ್ಲಿಂದ ಬರಬೇಕು? ಶೋಭಾಳ ಕಣ್ಣುಗಳು ನನ್ನ ಮೇಲಿರಲಿಲ್ಲ, ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದವು. ನಾನು ತಿರುಗಿ ನೋಡಲಿಲ್ಲ. ಮೊರ ಬಿಟ್ಟು ಎದ್ದು, ಅವಳನ್ನು ದಾಟಿಕೊಂಡು, ಮುಂಬಾಗಿಲಿನಿಂದ ಬೀದಿಗೆ ಓಡಿದೆ. ಹೌದು, ಅವಳನ್ನು ಅಲ್ಲೇ ಬಿಟ್ಟು. ಕೈ ಹಿಡಿದು ಎಳೆದುಕೊಂಡು ಹೋಗಬೇಕೆಂಬುದೂ ಹೊಳೆಯಲಿಲ್ಲ.

ಎದುರು ಮನೆಯ ಇಸ್ಮಾಯಿಲ್ ಭಾಯಿ ಊಟಕ್ಕೆ ಬಂದು ಆಟೊ ಬಾಗಿಲಲ್ಲೇ ನಿಲ್ಲಿಸಿದ್ದರು. ಬರಿಗಾಲಲ್ಲಿ, ಸೆರಗು ನೆಲಕ್ಕೆ ಎಳೆಯುತ್ತ ಬಂದ ನನ್ನನ್ನು ನೋಡಿ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದರು.

‘ಯಾಕ ಭಾಬಿ, ಏನಾತ್ರಿ?’

ಏನೆಂದು ಹೇಳಲಿ? ಓಣಿಯ ಹೆಂಗಸರ ದೆವ್ವದ ಮಾತಿಗೆಲ್ಲ ನಕ್ಕವಳು ನಾನು. ಹಗಲಲ್ಲೇ ಮನೆಯೊಳಗೆ ಯಾರೋ ಬಂದರೆಂದು ಓಡಿ ಬಂದೆ ಎನ್ನಲೇ? ಬಾಯಿಗೆ ಬಂದ ಸುಳ್ಳನ್ನು ಹೇಳಿದೆ.

‘ನಮ್ಮ ಶೋಭಾಗ ಭಾಳ ಆಗ್ಯದ್ರಿ. ದವಾಖಾನಿಗಿ ಒಯ್ಯಬೇಕು.’

ಅವರ ಹೆಂಡತಿ ನನಗಿಂತ ಮೊದಲು ಒಳಗೆ ಹೋದರು. ಆಕೆ ಕೂಗಿ ಕರೆದ ಮೇಲೇ ನಾನು ಹೊಸ್ತಿಲು ದಾಟಿದ್ದು. ಶೋಭಾ ಗೋಡೆಗೆ ವಾಲಿಕೊಂಡಿದ್ದಳು, ಕಣ್ಣು ಅರ್ಧ ಮುಚ್ಚಿತ್ತು. ಆಕೆ ಅವಳ ಕೈ ಹಿಡಿದು ನೋಡಿ, ‘ಅಯ್ಯೋ ಅಲ್ಲಾ, ಕೈಕಾಲು ತಣ್ಣಗ ಬರಫ್ ಆಗ್ಯಾವ’ ಎಂದರು. ಹಿತ್ತಲಲ್ಲಿ ಯಾರೂ ಇರಲಿಲ್ಲ. ಒಂದು ಡ್ರಮ್ಮಿನ ಮುಚ್ಚಳ ನೆಲದ ಮೇಲಿತ್ತು.

ದವಾಖಾನೆಯಲ್ಲಿ ರಕ್ತ ತೆಗೆದು, ಕೈಗೆ ಸಲೈನ್ ಹಚ್ಚಿ, ಆಮೇಲೆ ಡಾಕ್ಟರಮ್ಮ ಹೊರಗೆ ಬಂದರು. ಡೆಂಗಿಯೇ ಎಂದರು. ಸಂಜೆತನಕ ಮನೆಯಲ್ಲೇ ಇಟ್ಟುಕೊಂಡಿದ್ದರೆ ತಮ್ಮ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲವಂತೆ. ಜ್ವರ ಇಳಿಯುವ ಹೊತ್ತಿನಲ್ಲೇ ಕೆಲವರಿಗೆ ಅಪಾಯ ಹೆಚ್ಚಂತೆ. ನಾನು, ಹೋದ ವರ್ಷವೇ ಬಂದು ಹೋಗಿತ್ತಲ್ಲ ಎಂದೆ. ಆಕೆ ಬೇಸರಪಡದೆ ತಿಳಿಸಿ ಹೇಳಿದರು.

‘ಡೆಂಗಿದಾಗ ನಾಕು ನಮೂನಿ ಅದಾವ್ರಿ. ಒಂದು ಬಂದು ಹೋದ್ರ ಅದೊಂದೇ ಮತ್ತ ಬರೂದಿಲ್ಲ. ಉಳಿದ ಮೂರಕ್ಕ ಇವರು ಹೊಸಬರೇ. ಎರಡನೇ ಸಲ ಬ್ಯಾರೆ ನಮೂನಿದು ಬಂದ್ರ ಇನ್ನೂ ಜೋರ್ ಆಗಬಹುದು.’

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಭಾಯಿಯ ಹೆಂಡತಿ ನನಗೂ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡಿದರು.

ಶೋಭಾ ಉಳಿದಳು. ಸುದ್ದಿ ತಿಳಿದು ಹೈದರಾಬಾದಿನಿಂದ ಬಂದ ಶಿವರಾಜ ದವಾಖಾನೆಯ ಮೆಟ್ಟಿಲಲ್ಲೇ ನನ್ನ ಕಾಲಿಗೆ ಬಿದ್ದ. ಸಿಮೆಂಟು ಮೆತ್ತಿದ ಅವನ ತಲೆಗೂದಲು ನನ್ನ ಪಾದಕ್ಕೆ ತಾಗಿದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ರಕ್ತ ತೋರಿಸಬೇಡವೆಂದವಳು ನಾನು, ಬಿಟ್ಟು ಓಡಿದವಳೂ ನಾನು. ನಮ್ಮ ಮನೆಯವರಿಗೆ ಮೊದಲನೆಯದು ಗೊತ್ತಿತ್ತು. ಆದರೂ ಅವರು ನನ್ನ ಮರ್ಯಾದೆ ಕಾದು, ‘ಕಡೀಗಿ ಇವಳೇ ಹೊತ್ತಿಗಿ ಸರಿಯಾಗಿ ಒಯ್ದಳು’ ಎಂದರು. ಆ ಮಾತು ಎಕಂಬಾತನಕ ಹೋಯಿತು.

ಅವಳಿಗೆ ಕಂಡ ಆ ನಾಲ್ವರಿಗೊಂದು ಕಾರಣ ಹುಡುಕಲು ನಾನೂ ನೋಡಿದ್ದೇನೆ. ಹೈದರಾಬಾದಿನ ದವಾಖಾನೆಯಲ್ಲಿ ಯಾರೋ ನಾಲ್ಕು ನಮೂನೆಯ ಮಾತಾಡಿದ್ದು ಕಿವಿಯ ಮೇಲೆ ಬಿದ್ದಿರಬಹುದು, ನೀರಿನ ಪಾಳಿಯಲ್ಲಿ ನಿಂತ ಹೆಂಗಸರ ಮುಖ ಅದಕ್ಕೆ ಕೂಡಿಕೊಂಡಿರಬಹುದು ಎಂದುಕೊಂಡೆ. ಶೋಭಾಳನ್ನು ಕೇಳಿದರೆ, ಅಲ್ಲಿನ ತೆಲುಗು ತನಗೆ ತಿಳಿಯುತ್ತಲೇ ಇರಲಿಲ್ಲ, ತನ್ನ ಮಗ್ಗುಲಿನ ಮಂಚ ಖಾಲಿಯಿತ್ತು ಎಂದಳು. ಆ ಮಧ್ಯಾಹ್ನ ತಾನು ಎದ್ದು ಕೂತದ್ದಾಗಲಿ, ಏನು ಹೇಳಿದೆ ಎಂಬುದಾಗಲಿ ಅವಳಿಗೆ ನೆನಪಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಕಾರಣ ಅವಳ ಕಡೆಯಿಂದ ಸಿಕ್ಕರೂ, ನನ್ನ ಕತ್ತಿಗೆ ತಾಗಿದ ತಂಪಿಗೆ ಯಾವ ಕಾರಣ ಹೇಳಲಿ?

ಈಚೆಗೆ ದೀಪಾವಳಿಗೆ ಎಕಂಬಾಕ್ಕೆ ಹೋದಾಗ ಶೋಭಾ ನೆಂಟರ ಹೆಂಗಸರನ್ನೆಲ್ಲ ಕೂರಿಸಿಕೊಂಡು ನನ್ನ ಜಾಣತನದ ಕಥೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ನನ್ನ ಕಡೆ ತಿರುಗಿದಳು.

‘ಜ್ವರ ಇಳಿದಿತ್ತು ಅಂತೀರಿ. ಮತ್ತ ನಿಮಗ ಹ್ಯಾಂಗ ತಿಳಿತ್ರಿ ಅಕ್ಕಾ, ನಾ ಹೊಂಟೇನಂತ?’

ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

‘ನಿನ್ನ ಕೈ ತಣ್ಣಗ ಆಗಿತ್ತಲ್ಲ’ ಎಂದೆ.

ಅವಳು ಅದೇ ಕೈಯಿಂದ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಮಧ್ಯಾಹ್ನ ನಾನು ಅವಳ ಕೈ ಮುಟ್ಟಿಯೇ ಇರಲಿಲ್ಲ.